ನೈದಿಲೆಗೆ ಹಾಕಿದ ಗೊಬ್ಬರ ಪಾಚಿಯ ಪಾಲಾಗುತ್ತಿದೆ

ತಿಂಗಳಿಗೊಮ್ಮೆ ಕೊಳಕ್ಕೆ ಡಿಎಪಿ ಗೊಬ್ಬರ ಎರಚುತ್ತೇನೆ, ನೀರು ಹಸಿರಾದಾಗಲೆಲ್ಲ ಪೂರ್ತಿ ಖಾಲಿ ಮಾಡಿ ಹೊಸ ನೀರು ತುಂಬಿಸುತ್ತೇನೆ, ಆದರೂ ನೈದಿಲೆ ಹೂ ಬಿಡುತ್ತಿಲ್ಲ ಎಂದು ಬರೆದಿದ್ದೀರಿ. ಆ ಎರಡೂ ಕೆಲಸಗಳನ್ನು ಇಂದೇ ನಿಲ್ಲಿಸಿ. ನಮ್ಮ ಹಿತ್ತಲಿನ ಸಿಮೆಂಟ್ ತೊಟ್ಟಿಯಲ್ಲಿ ಇವೆರಡನ್ನೂ ನಾನು ಒಂದು ಬೇಸಿಗೆ ಪೂರ್ತಿ ಶ್ರದ್ಧೆಯಿಂದ ಮಾಡಿದ್ದೇನೆ. ಸಾಲದೆಂದು ಒಮ್ಮೆ ಕಡಲೆ ಹಿಂಡಿ ನೆನೆಸಿದ ನೀರನ್ನೂ ಸುರಿದೆ. ನಾಲ್ಕನೆಯ ದಿನಕ್ಕೆ ತೊಟ್ಟಿ ಪಾಲಕ್ ಸಾರಿನಂತಾಯಿತು. ಬೆಳಗಿನ ಜಾವ ಗಪ್ಪಿ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು.

ನೀರಿನಲ್ಲಿ ಕರಗಿದ ಗೊಬ್ಬರ ಮೊದಲು ಪಾಚಿಯ ಬಾಯಿಗೆ ಬೀಳುತ್ತದೆ. ನೈದಿಲೆ ಮುಖ್ಯವಾಗಿ ಉಣ್ಣುವುದು ಬೇರಿನಿಂದ; ಬೇರಿರುವುದು ಕುಂಡದ ಮಣ್ಣಿನೊಳಗೆ. ಅಲ್ಲಿಗೇ ತಲುಪಿಸಬೇಕು. ನಾನು ಈಗ ಮಾಡುವುದು ಇಷ್ಟು: ಜೇಡಿಮಣ್ಣನ್ನು ನಿಂಬೆಗಾತ್ರ ತೆಗೆದುಕೊಂಡು, ಮೋದಕಕ್ಕೆ ಹೂರಣ ತುಂಬುವಂತೆ ನಡುವೆ ಕಾಲು ಚಮಚ 17:17:17 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ ಗೊಬ್ಬರ) ಹರಳು ಇಟ್ಟು ಬಾಯಿ ಮುಚ್ಚುತ್ತೇನೆ. ನೆರಳಿನಲ್ಲಿ ಎರಡು ದಿನ ಒಣಗಿಸಿ, ಗಡ್ಡೆಗೆ ತಾಗದಂತೆ ಕುಂಡದ ಅಂಚಿನ ಕಡೆ ಬೆರಳುದ್ದ ಆಳಕ್ಕೆ ಒತ್ತಿ, ಮೇಲೆ ಮಣ್ಣು ಎಳೆಯುತ್ತೇನೆ. ಬಕೆಟ್ ಗಾತ್ರದ ಕುಂಡಕ್ಕೆ ನಾಲ್ಕು ಉಂಡೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ. ಚಳಿಗಾಲದಲ್ಲಿ ಹೊಸ ಎಲೆ ನಿಂತರೆ ಗೊಬ್ಬರವೂ ಇಲ್ಲ. ಕುಂಡದಲ್ಲಿ ಕಾಂಪೋಸ್ಟ್, ಕೊಕೊಪೀಟ್ ಇದ್ದರೆ ತೆಗೆಯಿರಿ, ಒಂದು ಕೊಳೆತು ನೀರನ್ನು ಕೆಡಿಸುತ್ತದೆ, ಇನ್ನೊಂದು ತೇಲುತ್ತದೆ. ಅಂಟುಮಣ್ಣು, ಮೇಲೊಂದು ಪದರ ಮರಳು ಸಾಕು.

ಇನ್ನು ನೀರು ಬದಲಿಸುವ ವಿಷಯ. ಹೊಸ ನೀರು ತನ್ನ ಲವಣಗಳನ್ನು ಹೊತ್ತೇ ಬರುತ್ತದೆ, ತಿಳಿಯಾಗಿರುವುದರಿಂದ ಬಿಸಿಲೂ ತಳದವರೆಗೆ ಇಳಿಯುತ್ತದೆ. ಪಾಚಿಗೆ ಇನ್ನೇನು ಬೇಕು? ಅದನ್ನು ತಿನ್ನುವ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನೂ ನೀವು ಚರಂಡಿಗೆ ಚೆಲ್ಲಿರುತ್ತೀರಿ. ಆವಿಯಾದಷ್ಟನ್ನು ಮಾತ್ರ ತುಂಬಿ. ನೂಲಿನಂಥ ಹಾವಸೆಯಾದರೆ ಒರಟು ಕೋಲಿಗೆ ಶಾವಿಗೆಯಂತೆ ಸುತ್ತಿ ಎಳೆದು ಗಿಡದ ಬುಡಕ್ಕೆ ಹಾಕಿ. ನೈದಿಲೆಯ ಎಲೆಗಳು ನೀರಿನ ಮುಕ್ಕಾಲು ಭಾಗವನ್ನು ಮುಚ್ಚುವವರೆಗೆ ನೀರಿನ ಮೇಲೆ ತೇಲುವ ಅಂತರಗಂಗೆ ಗಿಡವನ್ನು ಒಂದು ಹಿಡಿ ಬಿಟ್ಟರೂ ನಡೆಯುತ್ತದೆ. ನೆರಳು ಕೊಡುತ್ತದೆ, ಕರಗಿದ ಗೊಬ್ಬರವನ್ನೂ ಹೀರುತ್ತದೆ. ಆದರೆ ವಾರಕ್ಕೊಮ್ಮೆ ಅರ್ಧ ಕಿತ್ತು ಗೊಬ್ಬರದ ಗುಂಡಿಗೆ ಹಾಕಬೇಕು, ಕೆರೆಗೆ ಎಸೆಯಬಾರದು. ಪಾಚಿ ಕೊಲ್ಲಲು ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕಿ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಪಾಚಿ ಒಮ್ಮೆಲೇ ಸತ್ತು ಕೊಳೆತರೆ ಮೀನಿಗೆ ಉಸಿರಾಡಲು ಆಮ್ಲಜನಕ ಉಳಿಯುವುದಿಲ್ಲ, ತಾಮ್ರದ ವಿಷ ಬೇರೆ.

ಹೂವಿನ ಮಾತಿಗೆ ಬಂದರೆ, ಕೊಳದ ಮೇಲೆ ಮಾವಿನ ಕೊಂಬೆ ಚಾಚಿದೆ ಎಂದು ಕೊನೆಯಲ್ಲಿ ಹೇಳಿದ್ದೀರಿ. ನನ್ನ ಗುಮಾನಿ ಅದರ ಮೇಲೆಯೇ. ನೈದಿಲೆಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಗೊಬ್ಬರಕ್ಕಿಂತ ಮೊದಲು ಆ ಕೊಂಬೆಯನ್ನು ಸವರಿ, ತಳದಲ್ಲಿ ಕೊಳೆಯುತ್ತಿರುವ ತರಗೆಲೆಗಳನ್ನು ಎತ್ತಿ ಹಾಕಿ.