ಗುಡ್ಡ ಜರಿಯುವುದನ್ನು ಇನ್‌ಫ್ರಾಸೌಂಡ್ ಯಂತ್ರ ಮೊದಲೇ ಹೇಳುತ್ತದೆಯೇ?

ತೀರ್ಥಹಳ್ಳಿ ಕಡೆಯ ನಿಮ್ಮ ಅಡಿಕೆ ತೋಟದ ಮೇಲಿನ ಗುಡ್ಡ ಜರಿಯುವ ಮುಂಚೆ, ಕಿವಿಗೆ ಕೇಳದ ಸದ್ದು ಹಿಡಿಯುವ ಯಂತ್ರ ಎಚ್ಚರಿಸುತ್ತದಾ ಅಂತ ಕೇಳಿದ್ದೀರಿ. ಮುಂಚೆ ಹೇಳೋದಿಲ್ಲ. ಜರಿಯೋಕೆ ಶುರುವಾದ ಮೇಲೆ ಹೇಳೀತು, ಅದೂ ಜಾಗ ನೋಡಿಕೊಂಡು.

ಸೆಕೆಂಡಿಗೆ 20ಕ್ಕಿಂತ ಕಡಿಮೆ ಕಂಪನದ ಸದ್ದು ನಮಗೆ ಕೇಳಿಸದಿದ್ದರೂ ಬಹಳ ದೂರ ಹೋಗುತ್ತದೆ. 1883ರಲ್ಲಿ ಕ್ರಕಟೋವ ಜ್ವಾಲಾಮುಖಿ ಸಿಡಿದಾಗ ಎದ್ದ ಒತ್ತಡದ ಅಲೆ ಭೂಮಿಯನ್ನೇ ಸುತ್ತಿ, ದೇಶದೇಶಗಳ ಬ್ಯಾರೋಮೀಟರುಗಳಲ್ಲಿ ಗೀಟು ಎಳೆದಿತ್ತು. ನಮ್ಮಲ್ಲಿ 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡು ಕ್ವಾರಿ ಹತ್ತಿರ ಸ್ಫೋಟವಾದಾಗ ಭೂಕಂಪ ಅಂದುಕೊಂಡು ಜನ ಬೀದಿಗೆ ಬಂದಿದ್ದರಲ್ಲ, ಅಂಥ ಹೊತ್ತಿಗೆ ಇದು ಒಳ್ಳೆ ಸಾಧನ. ಸ್ಫೋಟದ ಹೊಡೆತ ಗಾಳಿಯಲ್ಲೂ ಜೋರಾಗಿ ಬರುತ್ತದೆ, ಭೂಕಂಪದ್ದು ಬಹುಪಾಲು ನೆಲದಲ್ಲೇ ಬರುತ್ತದೆ.

ಗುಡ್ಡದ ವಿಷಯಕ್ಕೆ ಬಂದರೆ, ಆಲ್ಪ್ಸ್ ಪರ್ವತಗಳಲ್ಲಿ ಬಂಡೆ, ಮರ, ಕೆಸರು ಸಮೇತ ಹಳ್ಳದಲ್ಲಿ ನುಗ್ಗಿ ಬರುವ ಪ್ರವಾಹಕ್ಕೆ ಇದನ್ನು ಬಳಸಿ ನೋಡಿದ್ದಾರೆ. ಲೆಕ್ಕ ಸುಲಭ. ಎರಡು ಕಿಲೋಮೀಟರ್ ಮೇಲೆ ಜರಿತ ಶುರುವಾದರೆ ಸದ್ದು ಆರು ಸೆಕೆಂಡಿಗೆ ನಿಮ್ಮಲ್ಲಿರುತ್ತದೆ. ಸೆಕೆಂಡಿಗೆ ಹತ್ತು ಮೀಟರ್ ವೇಗದ ಕೆಸರಿಗೆ ಮೂರು ನಿಮಿಷದ ಮೇಲೆ ಬೇಕು. ಮನೆ ಬಿಟ್ಟು ಓಡೋಕೆ ಅಷ್ಟು ಸಾಕು. ಆದರೆ ಮನೆ ಹಿಂದಿನ ದರೆಯೇ ಕುಸಿದರೆ ಸೈರನ್ ಕೂಗೋದ್ರೊಳಗೆ ಮಣ್ಣು ಹಿತ್ತಲಲ್ಲಿರುತ್ತದೆ.

ಇನ್ನು ಮಲೆನಾಡಿನ ಮಳೆಗಾಲ. ಒಂದೇ ಸೆನ್ಸರ್ ಇಟ್ಟರೆ ಸದ್ದು ಯಾವ ದಿಕ್ಕಿನದು ಅಂತ ಗೊತ್ತಾಗೋದಿಲ್ಲ. ದೂರದೂರ ಮೂರ್ನಾಲ್ಕು ಇಟ್ಟು, ಯಾವುದಕ್ಕೆ ಮೊದಲು ತಲುಪಿತು ಅಂತ ನೋಡಬೇಕು. ಗಾಳಿಯೇ ಇದರ ದೊಡ್ಡ ಶತ್ರು. ಅದಕ್ಕೇ ಸೆನ್ಸರಿಗೆ ತೂತಿರುವ ಉದ್ದ ಪೈಪುಗಳನ್ನು ಜೋಡಿಸಿ ನೆಲದ ಮೇಲೆ ಹರಡುತ್ತಾರೆ, ಗಾಳಿಯ ಬಿಡಿ ಬಿಡಿ ಏಟು ಒಂದಕ್ಕೊಂದು ವಜಾ ಆಗಲಿ ಅಂತ. ದಟ್ಟ ಕಾನಿನೊಳಗೆ ಇಟ್ಟರೆ ಇನ್ನೂ ವಾಸಿ. ತುಂಬಿ ಹರಿಯುವ ಹಳ್ಳ, ಜಲಪಾತಗಳೂ ಇದೇ ಕಡಿಮೆ ಕಂಪನದಲ್ಲಿ ಗುಂಯ್‌ಗುಡುತ್ತವೆ. ನಾವು ಲ್ಯಾಬಿನಲ್ಲಿ ಹುಡುಗರಿಗೆ ತೋರಿಸುವಾಗ ಯಾರಾದರೂ ಬಾಗಿಲು ಎಳೆದುಕೊಂಡರೂ ಸಾಕು, ಸ್ಕ್ರೀನಿನ ಗೆರೆ ಮೇಲಕ್ಕೆ ಹಾರುತ್ತದೆ.

ನನ್ನ ಕೇಳಿದರೆ ಮೊದಲು ಮಳೆಮಾಪಕ ಇಟ್ಟುಕೊಳ್ಳಿ. ಜೆಸಿಬಿ ಕೊರೆದ ಜಾಗದ ಮೇಲ್ಗಡೆ ಬಿರುಕು ಬಿಟ್ಟಿದೆಯಾ, ಮರ ವಾಲಿದೆಯಾ, ಸುರಿಮಳೆಯಲ್ಲೂ ಹಳ್ಳದ ನೀರು ದಿಢೀರ್ ಇಳಿದಿದೆಯಾ ನೋಡ್ತಾ ಇರಿ. ಹಳ್ಳ ಎಷ್ಟು ದೂರದಿಂದ ಇಳಿದು ಬರುತ್ತೆ ಅಂತ ತಿಳಿಸಿದರೆ ಯಂತ್ರದ ವಿಚಾರ ಮುಂದೆ ನೋಡೋಣ.