ಬೆಲೆಪಟ್ಟಿ ನಂಬಿ ಪ್ರೀಮಿಯಂ ಡೊಮೇನ್ ಮಾರಿದರೆ 2003, 2004 ಎರರ್ ಕೋಡ್ ಯಾಕೆ ಬರುತ್ತೆ

ಪ್ರಶ್ನೆ ಕೇಳಿದ ರಿಜಿಸ್ಟ್ರಾರ್‌ಗೆ (ಡೊಮೇನ್ ಮಾರುವವರಿಗೆ): ಪ್ರೀಮಿಯಂ, ಅಂದರೆ ಮಾಮೂಲಿಗಿಂತ ದುಬಾರಿ ಹೆಸರೊಂದನ್ನು ಚೆಕ್ ಮಾಡಿದಾಗ ಖಾಲಿ ಇದೆ ಅಂತ ಬಂತು, ರಿಜಿಸ್ಟ್ರಿ (ಆ ಡೊಮೇನ್‌ಗಳನ್ನು ನಡೆಸುವ ಸಂಸ್ಥೆ) ಕೊಟ್ಟ ಸಿಎಸ್‌ವಿ ಬೆಲೆಪಟ್ಟಿ ನೋಡಿ ಗ್ರಾಹಕರಿಂದ ಹಣ ತಗೊಂಡಿರಿ, ಕ್ರಿಯೇಟ್ (ನೋಂದಣಿಯ ಕಮಾಂಡ್) ಕಳಿಸಿದರೆ 2003, ಪಟ್ಟಿಯ ಬೆಲೆ ಸೇರಿಸಿ ಕಳಿಸಿದರೆ 2004. ಸರ್ವರ್ ಸರಿಯಾಗೇ ಇದೆ. ಇಲ್ಲಿ 2003 ಅಂದರೆ ಬೆಲೆ ನಮೂದಿಸದೆ ಈ ಹೆಸರು ಕೊಡಲ್ಲ. 2004 ಅಂದರೆ ನೀವು ಹೇಳಿದ ಮೊತ್ತ ಸಾಲದು, ಇಲ್ಲವೇ ಕರೆನ್ಸಿ ಹೊಂದಲ್ಲ. ಬಹುಶಃ ನಿಮ್ಮ ಕೈಲಿರುವ ಪಟ್ಟಿ ಹಳತು.

ರಿಜಿಸ್ಟ್ರಿಯ ಸರ್ವರ್ ಜೊತೆ ಮಾತಾಡುವ ಪ್ರೋಟೋಕಾಲ್ ಇಪಿಪಿ. ಮೂಲ ಇಪಿಪಿಯಲ್ಲಿ ಬೆಲೆಯ ಮಾತೇ ಇಲ್ಲ. ಅದಕ್ಕೆ ಫೀ ಎಕ್ಸ್‌ಟೆನ್ಷನ್ ಅನ್ನುವ ಸೇರ್ಪಡೆ ಬೇಕು, 2020ರಲ್ಲಿ ಆರ್‌ಎಫ್‌ಸಿ 8748 ಅನ್ನುವ ಇಂಟರ್ನೆಟ್ ಮಾನದಂಡವಾಗಿ ಬಂದದ್ದು. ಸಂಪರ್ಕ ಆದೊಡನೆ ಸರ್ವರ್ ಕಳಿಸುವ ಗ್ರೀಟಿಂಗ್‌ನಲ್ಲಿ ಅದರ ನೇಮ್‌ಸ್ಪೇಸ್ (ಆವೃತ್ತಿ ತಿಳಿಸುವ ಗುರುತು) ಯಾವುದಿದೆ ನೋಡಿ, ಅದನ್ನೇ ಲಾಗಿನ್‌ನಲ್ಲೂ ಘೋಷಿಸಿ. ಘೋಷಿಸದಿದ್ದರೆ ಬೆಲೆ ಬರಲ್ಲ. ಫೀ-1.0 ಇದ್ದರೆ ನಿಶ್ಚಿಂತೆ. 0.6ರಂಥ ಕರಡು ಆವೃತ್ತಿ ಇದ್ದರೆ ಎಕ್ಸ್‌ಎಂಎಲ್‌ನ ಆಕಾರವೇ ಬೇರೆ: ಅಲ್ಲಿ ಪ್ರತಿ ಹೆಸರಿಗೂ ಕಮಾಂಡ್, ಅವಧಿ ಬೇರೆಬೇರೆ ಬರೆಯಬೇಕು. 1.0ರಲ್ಲಿ ಒಮ್ಮೆ ಬರೆದದ್ದು ಆ ಚೆಕ್‌ನಲ್ಲಿರುವ ಎಲ್ಲ ಹೆಸರಿಗೂ ಅನ್ವಯ. ಎರಡಕ್ಕೂ ಒಂದೇ ಪಾರ್ಸರ್ (ಉತ್ತರ ಓದುವ ಕೋಡ್) ಬರೆಯಲು ಹೋಗಬೇಡಿ.

ಚೆಕ್ ಕಳಿಸುವಾಗ ಕ್ರಿಯೇಟ್ ಒಂದನ್ನೇ ಕೇಳಿ ಸುಮ್ಮನಾಗಬೇಡಿ. ರಿನ್ಯೂ, ಟ್ರಾನ್ಸ್‌ಫರ್, ರಿಸ್ಟೋರ್ (ಡಿಲೀಟ್ ಆದ ಹೆಸರನ್ನು ಮರಳಿ ಪಡೆಯುವುದು) ಮೂರನ್ನೂ ಸೇರಿಸಿ. ಮೊದಲ ವರ್ಷ ಮಾತ್ರ ದುಬಾರಿ ಇರುವ ಹೆಸರುಗಳಿವೆ, ವರ್ಷ ವರ್ಷವೂ ಅದೇ ದುಬಾರಿ ಬೆಲೆ ಕೊಡಬೇಕಾದವೂ ಇವೆ. ಎರಡನೇ ಬಗೆಯದನ್ನು ಗ್ರಾಹಕರಿಗೆ ಮೊದಲೇ ಹೇಳದಿದ್ದರೆ ಮುಂದಿನ ವರ್ಷ ಜಗಳ ಖಾತ್ರಿ.

ಉತ್ತರ ಓದುವಾಗ ಎಡವುವ ಜಾಗ ಮೂರು. ಬೆಲೆಯ ಭಾಗದಲ್ಲೂ ಒಂದು ‘ಅವೈಲ್’ ಇರುತ್ತೆ. ಅದು ಬೆಲೆ ತಿಳಿದಿದೆಯೇ ಅನ್ನುವುದಕ್ಕೆ, ಹೆಸರು ಖಾಲಿಯೇ ಅನ್ನುವುದಕ್ಕಲ್ಲ. ಎರಡು ವರ್ಷಕ್ಕೆ ಕೇಳಿದರೆ ಬರುವುದು ಎರಡು ವರ್ಷದ ಒಟ್ಟು, ಅದನ್ನು ಮತ್ತೆ ಎರಡರಿಂದ ಗುಣಿಸಬೇಡಿ. ಒಂದೇ ಕಮಾಂಡ್‌ಗೆ ಹಲವು ಫೀ ಸಾಲು ಬರಬಹುದು. ಉದಾಹರಣೆಗೆ ನೋಂದಣಿಗೆ 10.00, ಅರ್ಲಿ ಆಕ್ಸೆಸ್‌ಗೆ (ಎಲ್ಲರಿಗಿಂತ ಮೊದಲು ಕೊಳ್ಳುವ ಶುಲ್ಕ) 100.00 ಅಂತ ಎರಡು ಸಾಲು ಬಂದರೆ, ಕ್ರಿಯೇಟ್‌ನಲ್ಲಿ ಹೋಗಬೇಕಾದ್ದು 110.00. ಮೊದಲ ಸಾಲನ್ನಷ್ಟೇ ಓದುವ ಕೋಡ್ 10.00 ಕಳಿಸುತ್ತೆ, 2004 ತಿನ್ನುತ್ತೆ. ಕ್ರೆಡಿಟ್ (ನಿಮಗೆ ಕಡಿತವಾಗುವ ಮೊತ್ತ) ಸಾಲು ಮೈನಸ್ ಚಿಹ್ನೆಯಲ್ಲೇ ಬರುತ್ತೆ, ಹಾಗೇ ಕೂಡಿಸಿ.

ಕಾರ್ಟ್‌ಗೆ ಹಾಕಿದಾಗ ಒಮ್ಮೆ, ಹಣ ಕಟ್ಟಿಸಿಕೊಳ್ಳುವ ಮುಂಚೆ ಇನ್ನೊಮ್ಮೆ ಚೆಕ್ ಮಾಡಿ. ಆಮೇಲೆ ಆ ಮೊತ್ತವನ್ನೇ ಕ್ರಿಯೇಟ್ ಜೊತೆ ಕಳಿಸಿ. ಸಾಮಾನ್ಯ ಹೆಸರುಗಳಿಗೂ ಕಳಿಸುವುದು ಒಳ್ಳೇದು: ನಡುವೆ ಬೆಲೆ ಏರಿದ್ದರೆ ರಿಜಿಸ್ಟ್ರಿಯೇ ತಡೆಯುತ್ತೆ, ನಷ್ಟ ನಿಮ್ಮ ತಲೆಗೆ ಬರಲ್ಲ. ಸಿಎಸ್‌ವಿ ಏನಿದ್ದರೂ ಹುಡುಕಾಟದ ಪುಟದಲ್ಲಿ ತೋರಿಸಲಿಕ್ಕೆ.

ಬೆಲೆ ಏರಿಕೆಯ ನೋಟಿಸ್ ಮಾತ್ರ ಮನುಷ್ಯರಿಗೆ ಬರುವಂಥದು, ಇಮೇಲ್‌ನಲ್ಲೋ ಪೋರ್ಟಲ್‌ನಲ್ಲೋ. ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಐಕಾನ್‌ನ ಹೊಸ ಜಿಟಿಎಲ್‌ಡಿ (ದೇಶಕ್ಕೆ ಸೇರದ ಸಾಮಾನ್ಯ ಡೊಮೇನ್) ಒಪ್ಪಂದದಂತೆ ಹೊಸ ನೋಂದಣಿಯ ಬೆಲೆ ಏರಿಸಲು 30 ದಿನ, ರಿನ್ಯೂವಲ್‌ಗೆ ಸಾಮಾನ್ಯವಾಗಿ 180 ದಿನ ಮುಂಚೆ ತಿಳಿಸಬೇಕು. ಆ ಗಡುವಿನೊಳಗೆ ಹಳೇ ಬೆಲೆಗೆ 10 ವರ್ಷದವರೆಗೆ ನವೀಕರಿಸಬಹುದು. ಗ್ರಾಹಕರಿಗೆ ಹೇಳಲು ಇದೇ ಸಮಯ. ದೇಶಗಳ ಡೊಮೇನ್‌ಗಳಿಗೆ ಈ ನಿಯಮ ಇಲ್ಲ, ಅವುಗಳ ಕರಾರು ಬೇರೆಯೇ ಓದಿ. ನೋಟಿಸ್ ಹೋಗುವ ವಿಳಾಸ ಒಬ್ಬರ ಇನ್‌ಬಾಕ್ಸ್ ಆಗಿರದೆ ತಂಡದ್ದಾಗಿರಲಿ.

ರೀಫಂಡ್ ವಿಷಯ: ಫೀ ಸಾಲಿನಲ್ಲೇ ‘ರೀಫಂಡಬಲ್’, ‘ಗ್ರೇಸ್ ಪೀರಿಯಡ್’ ಅನ್ನುವ ಗುಣಗಳು ಇರಬಹುದು. ನೋಂದಣಿಗೆ ಸಾಮಾನ್ಯವಾಗಿ 5 ದಿನದ ಗ್ರೇಸ್ (ಡಿಲೀಟ್ ಮಾಡಿ ಹಣ ವಾಪಸ್ ಪಡೆಯಬಹುದಾದ ಅವಧಿ) ಇದೆ ಅಂತ ಪ್ರೀಮಿಯಂಗೂ ಹಣ ವಾಪಸ್ ಬರುತ್ತೆ ಅಂದುಕೊಳ್ಳಬೇಡಿ. ರಿಜಿಸ್ಟ್ರಿಯಲ್ಲಿರುವ ನಿಮ್ಮ ಮುಂಗಡ ಖಾತೆ ಖಾಲಿಯಾದರೆ ಬರುವುದು 2104, ಅದನ್ನು ಬೆಲೆ ತಪ್ಪು ಅಂತ ಲೆಕ್ಕ ಹಾಕಬೇಡಿ. ಆಟೊ-ರಿನ್ಯೂ ಆದ ದಿನವೇ ಹಣ ಕಡಿದು, 45 ದಿನದೊಳಗೆ ಡಿಲೀಟ್ ಮಾಡಿದರೆ ಮರಳಿಸುವ ರಿಜಿಸ್ಟ್ರಿಗಳು ಬಹಳ, ಹಾಗಾಗಿ ಆ ಹಣ ಖಾತೆಯಲ್ಲಿ ಇಟ್ಟಿರಬೇಕು.

ಈಗಿನ ಆರ್ಡರ್‌ಗೆ: ಫೀ ಚೆಕ್ ಮಾಡಿ, ನಿಜವಾದ ಮೊತ್ತ ಗ್ರಾಹಕರಿಗೆ ತೋರಿಸಿ, ಒಪ್ಪಿದರೆ ಕ್ರಿಯೇಟ್, ಇಲ್ಲವಾದರೆ ಪೂರ್ತಿ ಹಣ ವಾಪಸ್.