ಒಂದು ಕಡೆ ನಿಲ್ಲೋದು ಮಕ್ಕಳ ಕೈಲಿದೆಯಾ?

ಪ್ರಶ್ನೆ: ನಮಸ್ಕಾರ ಮೇಡಮ್. ನಾನು ಮಿಲ್‌ನಲ್ಲಿ 28 ವರ್ಷ ದುಡಿದು ರಿಟೈರ್ ಆದವನು, ಸೇರಿದ್ದೂ ಅದೇ ಗೇಟು, ಹೊರಗೆ ಬಂದಿದ್ದೂ ಅದೇ ಗೇಟು. ಮಗ ಐಟಿಐ ಫಿಟ್ಟರ್, 24 ವರ್ಷ. ಮೂರು ವರ್ಷದಲ್ಲಿ ನಾಲ್ಕು ಕಡೆ ಕೆಲಸ ಮಾಡಿದ, ಪೀಣ್ಯದಲ್ಲಿ ಎರಡು ಕಡೆ, ಆಮೇಲೆ ಬಿಡದಿ, ಈಗ ದಾಬಸ್‌ಪೇಟೆ, ಅದೂ ಕಂಟ್ರಾಕ್ಟರ್ ಕಡೆಯಿಂದ. ಮಗಳು ಗಾರ್ಮೆಂಟ್ಸ್‌ಗೆ ಹೋಗ್ತಿದ್ಲು, ಮಗು ಆದ್ಮೇಲೆ ಬಿಟ್ಲು, ಮತ್ತೆ ಸೇರಿದ್ಲು, ಈಗ ಮತ್ತೆ ಮನೇಲಿದಾಳೆ. ಈಗಿನ ಮಕ್ಕಳಿಗೆ ಒಂದು ಕಡೆ ನಿಲ್ಲೋ ಗುಣಾನೇ ಇಲ್ವಾ?
ಓದುಗರು, ತುಮಕೂರು ಜಿಲ್ಲೆ

ಉತ್ತರ: ಸರ್, ನಿಮ್ಮ ಪತ್ರ ಎರಡು ಸಲ ಓದಿದೆ, ಅದರಲ್ಲಿ ಒಂದು ವಿಷಯ ಮಾತ್ರ ಬರೆದಿಲ್ಲ ನೀವು. ಆ ಕೆಲಸಗಳಲ್ಲಿ ಮಗ ತಾನಾಗಿ ಬಿಟ್ಟಿದ್ದು ಎಷ್ಟು, 'ನಾಳೆಯಿಂದ ಬರಬೇಡಪ್ಪಾ' ಅಂತ ಅವರೇ ಕಳಿಸಿದ್ದು ಎಷ್ಟು? ರಾತ್ರಿ ಊಟಕ್ಕೆ ಕೂತಾಗ ಬೈಯದೆ ಒಂದ್ಸಲ ಕೇಳಿ ನೋಡಿ.

ನಿಮ್ಮನ್ನ ಮಿಲ್ಲೇ ಕೆಲಸಕ್ಕೆ ತಗೊಂಡಿತ್ತು. ನಿಮ್ಮ ಮಗನ ಹೆಸರು ಇರೋದು ಕಂಟ್ರಾಕ್ಟರ್ ಪುಸ್ತಕದಲ್ಲಿ, ದಿನಾ ನಿಂತು ಕೆಲಸ ಮಾಡೋ ಫ್ಯಾಕ್ಟರಿಯ ಪುಸ್ತಕದಲ್ಲಿ ಅವನ ಹೆಸರಿಲ್ಲ, ಆರ್ಡರ್ ಕಮ್ಮಿ ಆದ ತಿಂಗಳು ಮೊದಲು ಹೊರಗೆ ಹೋಗೋದು ಇಂಥ ಹುಡುಗರೇ. 1947ರ ಕೈಗಾರಿಕಾ ವಿವಾದ ಕಾಯ್ದೆ ಕಾಲದಿಂದಲೂ ಒಂದು ಲೆಕ್ಕ ಇದೆ, ವರ್ಷದಲ್ಲಿ 240 ದಿನ ಕೆಲಸ ಮಾಡಿದ ಕಾರ್ಮಿಕನನ್ನ ಕೆಲಸ ಇಲ್ಲ ಅಂತ ತೆಗೀಬೇಕಾದ್ರೆ ಒಂದು ತಿಂಗಳ ನೋಟಿಸ್ ಕೊಡಬೇಕು, ಪ್ರತಿ ವರ್ಷದ ಸರ್ವೀಸ್‌ಗೆ 15 ದಿನದ ಸಂಬಳ ಕೊಡಬೇಕು. ಹಾಗಾಗಿ ಆ 240 ದಿನ ತುಂಬೋಕೆ ಮುಂಚೆ ಬ್ರೇಕ್ ಕೊಟ್ಟು, ಆಮೇಲೆ ಬೇರೆ ಹೆಸರಲ್ಲಿ ಮತ್ತೆ ಕರೆಯೋದನ್ನ ಫ್ಯಾಕ್ಟರಿ ಏರಿಯಾದ ಯಾವ ಹುಡುಗನನ್ನ ಕೇಳಿದ್ರೂ ಹೇಳ್ತಾನೆ. ಅಪ್ರೆಂಟಿಸ್ ಅಂತ ತಗೊಂಡಿದ್ರಂತೂ 1961ರ ಕಾಯ್ದೆ ಪ್ರಕಾರ ಅವನು ಕಾರ್ಮಿಕನೇ ಅಲ್ಲ, ತರಬೇತಿಗೆ ಬಂದವನು. ಪರ್ಮನೆಂಟ್ ಆಗೋ ದಾರಿನೇ ಕಾಣದಿದ್ದಾಗ ಪಕ್ಕದ ಫ್ಯಾಕ್ಟರಿಲಿ ಸಾವಿರ ರೂಪಾಯಿ ಜಾಸ್ತಿ ಅಂದ್ರೆ ಹುಡುಗ ಹೋಗ್ತಾನೆ, ರೂಮ್ ಬಾಡಿಗೆ ಯಾರು ಕಟ್ತಾರೆ ಹೇಳಿ.

ಹುಡುಗರ ತಪ್ಪೇ ಇಲ್ಲ ಅಂತ ನಾನು ಹೇಳಲ್ಲ, ಹಬ್ಬಕ್ಕೆ ಊರಿಗೆ ಬಂದು ಹದಿನೈದು ದಿನ ಉಳಿದು ಕೆಲಸ ಕಳ್ಕೊಂಡವರನ್ನೂ ನೋಡಿದೀನಿ. ಆದ್ರೆ ಕೇಂದ್ರ ಸರ್ಕಾರದ 2023-24ರ ಸಮೀಕ್ಷೆಲಿ 15ರಿಂದ 29 ವಯಸ್ಸಿನವರ ನಿರುದ್ಯೋಗ 10.2 ಪರ್ಸೆಂಟ್ ಇತ್ತು, ದೊಡ್ಡವರನ್ನೂ ಸೇರಿಸಿದ್ರೆ ಬರೀ 3.2. ಇದನ್ನ ಗುಣದ ಮೇಲೆ ಹಾಕೋದು ನ್ಯಾಯ ಅಲ್ಲ ಸರ್.

ಮಗಳ ವಿಷಯ ಬೇರೆ, ಅದಕ್ಕೆ ನಿಮ್ಮ ಪತ್ರದಲ್ಲಿ ಒಂದೇ ಸಾಲು ಕೊಟ್ಟಿದೀರಿ. ಮಗ ಕೆಲಸ ಬಿಟ್ರೆ ಇನ್ನೊಂದು ಕೆಲಸಕ್ಕೆ ಹೋಗ್ತಾನೆ, ಮಗಳು ಬಿಟ್ರೆ ಅಡುಗೆ ಮನೆಗೆ ಹೋಗ್ತಾಳೆ. ಬೆಳಿಗ್ಗೆ ಐದಕ್ಕೆ ಎದ್ದು ಬುತ್ತಿ ಕಟ್ಟಿ, ಬಸ್ ಹಿಡಿದು, ಗಂಟೆಗಿಷ್ಟು ಪೀಸ್ ಅಂತ ಟಾರ್ಗೆಟ್ ಮುಗಿಸಿ, ಸೂಪರ್‌ವೈಸರ್ ಹತ್ರ ಬೈಸ್ಕೊಂಡು, ಸಂಜೆ ಬಂದು ಮತ್ತೆ ಒಲೆ ಹಚ್ಚಬೇಕು, ಈ ನಡುವೆ ಮಗುಗೆ ಜ್ವರ ಬಂದ್ರೆ ರಜೆ ಹಾಕೋದು ಯಾವಾಗಲೂ ತಾಯಿನೇ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆದ್ಮೇಲೆ 50 ಜನ ಅಥವಾ ಜಾಸ್ತಿ ಇರೋ ಕಡೆ ಮಕ್ಕಳನ್ನ ನೋಡ್ಕೊಳೋ ಕ್ರೆಶ್ ಇರಬೇಕು, ಮೊದಲ ಎರಡು ಮಕ್ಕಳಿಗೆ 26 ವಾರ ಹೆರಿಗೆ ರಜೆ ಇದೆ. ಮಗಳು ಸೇರಿದ್ದ ಕಡೆ ಕ್ರೆಶ್ ಇತ್ತಾ, ಇದ್ರೂ ಮಗುನ ಅಲ್ಲಿಗೆ ಬಸ್ಸಲ್ಲಿ ಎತ್ಕೊಂಡು ಹೋಗೋ ಹಾಗಿತ್ತಾ ಕೇಳಿ. ಇನ್ನೊಂದು ಮಾತು ನೇರವಾಗಿ ಹೇಳ್ತೀನಿ, ತಪ್ಪು ತಿಳೀಬೇಡಿ, ನೀವೀಗ ಮನೇಲೇ ಇದೀರಿ, ಮೊಮ್ಮಗುನ ಹಗಲು ನೀವು ನೋಡ್ಕೊಂಡ್ರೆ ಆಗಲ್ವಾ?

ಪ್ರಶ್ನೆ: ಅಕ್ಕಾ, ನನಗೆ 25, ಗಾರ್ಮೆಂಟ್ಸ್‌ನಲ್ಲಿ ಟೈಲರ್. ಎರಡು ಫ್ಯಾಕ್ಟರಿ ಬದಲಾಯ್ಸಿದೀನಿ, ಈಗ ಮದುವೆ ಗೊತ್ತಾಗಿದೆ, ಇದನ್ನೂ ಬಿಟ್ಟು ಬೇರೆ ಊರಿಗೆ ಹೋಗ್ಬೇಕು. ಪಿಎಫ್ ಎಲ್ಲಾ ತೆಗೆದುಬಿಡು ಅಂತಾರೆ ಎಲ್ಲರೂ. ತೆಗೀಲಾ?
ಹೆಸರು ಬೇಡ, ಮಂಡ್ಯ

ಉತ್ತರ: ತಂಗಿ, ಆ ದುಡ್ಡು ಎಷ್ಟು ದೊಡ್ಡದು ಅಂತ ನಿನ್ನಂಥವರೇ ತೋರಿಸಿದಾರೆ. ಮಾಲೀಕರು ಕಟ್ಟಿದ ಪಾಲನ್ನ 58 ವರ್ಷದ ತನಕ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ರೂಲ್ ತಂದಾಗ 2016ರ ಏಪ್ರಿಲ್‌ನಲ್ಲಿ ಬೆಂಗಳೂರಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದ್ರು, ಎರಡೇ ದಿನದಲ್ಲಿ ಸರ್ಕಾರ ಆ ರೂಲ್ ವಾಪಸ್ ತಗೊಳ್ತು. ಕೆಲಸ ಹೋದ ದಿನ ಕೈಯಲ್ಲಿ ಉಳಿಯೋದು ಅದೊಂದೇ ಅಂತ ಅವರಿಗೆ ಗೊತ್ತಿತ್ತು.

ಮದುವೆ ಖರ್ಚಿಗೆ ಅಂತ ಮಾತ್ರ ತೆಗೀಬೇಡ. ನಿನ್ನ ಯುಎಎನ್ ನಂಬರ್, ಅಂದ್ರೆ ಫ್ಯಾಕ್ಟರಿ ಬದಲಾದ್ರೂ ಬದಲಾಗದ ಪಿಎಫ್ ನಂಬರ್, ಒಂದೇ ಇರಬೇಕು, ಹಳೇ ಫ್ಯಾಕ್ಟರಿ ಎರಡರ ದುಡ್ಡೂ ಅದಕ್ಕೇ ಟ್ರಾನ್ಸ್‌ಫರ್ ಆಗಿದೆಯಾ ನೋಡ್ಕೋ. ಪಿಎಫ್ ಜೊತೆಗಿರೋ ಪೆನ್ಶನ್ ಸಿಗೋಕೆ ಒಟ್ಟು 10 ವರ್ಷದ ಸರ್ವೀಸ್ ಬೇಕು, ಬೇರೆ ಬೇರೆ ಫ್ಯಾಕ್ಟರಿ ಆದ್ರೂ ಕೂಡುತ್ತೆ, ಪೆನ್ಶನ್ ದುಡ್ಡು ತೆಗೆದ್ರೆ ಆ ವರ್ಷಗಳು ಹೋಗಿಬಿಡುತ್ತೆ. ಕೆಲಸ ಬಿಟ್ಟ ತಾರೀಕು ಫ್ಯಾಕ್ಟರಿಯವರು ಹಾಕದಿದ್ರೆ ಕೊನೆ ಕಂತು ಬಿದ್ದ ಎರಡು ತಿಂಗಳ ಮೇಲೆ ಆನ್‌ಲೈನ್‌ನಲ್ಲಿ ನೀನೇ ಹಾಕಬಹುದು.

ರಾಜೀನಾಮೆ ಕೊಟ್ಟು ಮತ್ತೆ ಹೊಸದಾಗಿ ಸೇರ್ಕೋ ಅಂತ ಯಾರಾದ್ರೂ ಹೇಳಿದ್ರೆ ಸುಮ್ನೆ ಸೈನ್ ಹಾಕಬೇಡ. 1972ರ ಕಾಯ್ದೆಲಿ ಗ್ರಾಚ್ಯುಟಿಗೆ, ಅಂದ್ರೆ ಕೆಲಸ ಬಿಡುವಾಗ ಸರ್ವೀಸ್ ಲೆಕ್ಕದಲ್ಲಿ ಮಾಲೀಕರು ಕೊಡೋ ದುಡ್ಡಿಗೆ, ಒಂದೇ ಕಡೆ ಐದು ವರ್ಷ ಬೇಕಿತ್ತು, ಎಷ್ಟೋ ಹೆಣ್ಮಕ್ಕಳ ಲೆಕ್ಕ ನಾಲ್ಕನೇ ವರ್ಷಕ್ಕೇ ಮುಗಿದಿದ್ದು ಹೀಗೇ. 2025ರ ನವೆಂಬರ್ 21ಕ್ಕೆ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಲಿ ಇಷ್ಟು ಅವಧಿಗೆ ಅಂತ ಬರ್ದು ತಗೊಂಡವರಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಟಿ ಬರುತ್ತೆ, ಆದ್ರೆ ಅದಕ್ಕೆ ನಿನ್ನ ಹತ್ರ ಆರ್ಡರ್ ಕಾಪಿ ಇರಬೇಕು. ಇಎಸ್‌ಐ, ಅಂದ್ರೆ ಕಾರ್ಮಿಕರ ವಿಮೆಯ ಹೆರಿಗೆ ಸೌಲಭ್ಯಕ್ಕೂ ಹಿಂದಿನ ಆರಾರು ತಿಂಗಳ ಎರಡು ವಂತಿಗೆ ಅವಧಿಲಿ ಒಟ್ಟು 70 ದಿನದ ವಂತಿಗೆ ಇರಬೇಕು, ಅದಕ್ಕೇ ಹೊಸ ಊರಲ್ಲಿ ಬೇಗ ಸೇರ್ಕೋ ಅಂತೀನಿ. ಈ ಕೆಲಸ ಬಿಡೋ ದಿನ ಸಂಬಳದ ಚೀಟಿ, ರಿಲೀವಿಂಗ್ ಲೆಟರ್ ಎರಡೂ ಇಸ್ಕೊಂಡೇ ಗೇಟ್ ದಾಟು.